ಯಾವ ಟ್ಯೂಬಿನಲ್ಲಿ ನೋಡಿದಿರಿ? ಒಂದು ಹಾವು ಕಡಿತ, ಇಬ್ಬರು ವೈದ್ಯರು, ನಡುವೆ 90 ಕಿಲೋಮೀಟರ್

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಗೂ ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಬೋಧನಾ ಆಸ್ಪತ್ರೆಗೂ ನಡುವೆ ಮಳೆಗಾಲದ ಒಂದು ರಾತ್ರಿ ನಡೆದ ವೈದ್ಯಕೀಯ ಸಮಾಲೋಚನೆಯ ವಿವರ ಇದು. ರೋಗಿ, ವೈದ್ಯರು, ಊರು ಯಾರದೂ ಯಾವುದೂ ಗುರುತು ಹತ್ತದಂತೆ ಸಣ್ಣಪುಟ್ಟ ವಿವರಗಳನ್ನು ಬದಲಿಸಿದೆ. ಹಾವು ಕಡಿತಕ್ಕೆ ಹೀಗೇ ಚಿಕಿತ್ಸೆ ಕೊಡಬೇಕೆಂದು ಇದನ್ನು ಓದಿಕೊಳ್ಳುವುದು ಬೇಡ. ರೋಗಿಯ ಪಕ್ಕ ನಿಂತ ವೈದ್ಯೆ ಏನನ್ನು ಕಂಡರು, ಏನನ್ನು ಕಳಿಸಿದರು, ದೂರದಲ್ಲಿದ್ದವರು ಅದನ್ನು ಹೇಗೆ ಓದಿದರು, ಎಲ್ಲಿ ದಾರಿ ತಪ್ಪಿತು, ಎಲ್ಲಿ ಸರಿಹೋಯಿತು ಎಂಬುದಷ್ಟೇ ಇಲ್ಲಿನ ವಿಷಯ.

ಹಿನ್ನೆಲೆ

ಜುಲೈ ಮೊದಲ ವಾರ. ಅಡಿಕೆ ತೋಟದಲ್ಲಿ ಸೋಗೆ ಎಳೆದು ಒಟ್ಟುತ್ತಿದ್ದ, ನಲವತ್ತೈದರ ಆಸುಪಾಸಿನ ಹೆಂಗಸಿಗೆ ಸಂಜೆ 5.20ರ ಹೊತ್ತಿಗೆ ಎಡಪಾದದ ಹೊರಬದಿಗೆ ಹಾವು ಕಚ್ಚಿತು. ಮಗ ಹಾವನ್ನು ಹೊಡೆಯುವ ಗೋಜಿಗೆ ಹೋಗದೆ ಮೊಬೈಲಿನಲ್ಲಿ ಒಂದು ಫೋಟೊ, ಎಂಟು ಸೆಕೆಂಡಿನ ಒಂದು ವಿಡಿಯೊ ತೆಗೆದುಕೊಂಡ. ಅವನು ಮಾಡಿದ್ದು ಸರಿ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಹಾವನ್ನು ಅಟ್ಟಿಸಿಕೊಂಡು ಹೋಗಿ ಎರಡನೆಯವರೂ ಕಚ್ಚಿಸಿಕೊಂಡು ಬರುವುದು ಅಪರೂಪವಲ್ಲ. ಮೊಣಕಾಲಿನ ಕೆಳಗೆ ಟವೆಲ್ ಬಿಗಿದು, ಜೀಪಿನಲ್ಲಿ ಕರೆತಂದಾಗ 6.35.

ಆಸ್ಪತ್ರೆಯಲ್ಲಿ ಫಿಜಿಷಿಯನ್ ಹುದ್ದೆ ಖಾಲಿ. ರಾತ್ರಿ ಪಾಳಿಗೆ ಎಂಬಿಬಿಎಸ್ ಮುಗಿಸಿ ವರ್ಷ ತುಂಬದ ಒಬ್ಬ ವೈದ್ಯೆ, ಇಬ್ಬರು ಸಿಸ್ಟರ್‌ಗಳು, ಕ್ವಾರ್ಟರ್ಸಿನಿಂದ ಕರೆದರೆ ಬರುವ ಒಬ್ಬ ಲ್ಯಾಬ್ ಟೆಕ್ನಿಷಿಯನ್. ಫ್ರಿಜ್ಜಿನಲ್ಲಿ ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ 14 ವಯಲ್. ಆಂಬುಲೆನ್ಸ್ ಹೆರಿಗೆ ಕೇಸೊಂದನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಿತ್ತು.

ನಮ್ಮಲ್ಲಿ ಸಿಗುವ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಶ್ಚಿಮಘಟ್ಟದ ಅಡಿಕೆ, ಕಾಫಿ ತೋಟಗಳ ತರಗೆಲೆಯಲ್ಲಿ ಐದನೆಯದೊಂದಿದೆ. ಮೊಳದುದ್ದದ, ಮೂಗಿನ ತುದಿ ಮೇಲಕ್ಕೆ ಮಡಚಿದಂತಿರುವ ಪುಟ್ಟ ಮಂಡಲ. ಗುಳಿಮಂಡಲಗಳ ಜಾತಿಗೆ ಸೇರಿದ್ದು, ಶಾಸ್ತ್ರೀಯ ಹೆಸರು ಹಿಪ್ನೇಲ್. ಇದು ಕಚ್ಚಿದರೆ ಕಾಲು ಊದುತ್ತದೆ, ಬೊಬ್ಬೆ ಏಳುತ್ತದೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ, ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ನಮ್ಮ ಎಎಸ್‌ವಿ ಇದರ ವಿಷಕ್ಕೆ ನೆರವಾಗುವುದಿಲ್ಲ. ಕೊಟ್ಟರೆ ಎಎಸ್‌ವಿಯ ಅಲರ್ಜಿಯ ಅಪಾಯವಷ್ಟೇ ರೋಗಿಯ ಪಾಲಿಗೆ. ಈ ಒಂದು ಸಂಗತಿಯ ಸುತ್ತಲೇ ಆ ರಾತ್ರಿಯ ಎಲ್ಲ ನಿರ್ಧಾರಗಳೂ ತಿರುಗಿದವು.

ಸಮಸ್ಯೆ ಹುಟ್ಟಿದ್ದು ಎಲ್ಲಿ

ಬಂದಾಗ ಬಿಪಿ 130/80, ನಾಡಿ 96, ಆಮ್ಲಜನಕ 98. ಪಾದ ಊದಿತ್ತು, ಊತ ಗಿಣ್ಣಿನವರೆಗೆ. ವಸಡು, ಮೂಗು, ಮೂತ್ರ ಎಲ್ಲೂ ರಕ್ತವಿಲ್ಲ. ಕಣ್ಣಿನ ರೆಪ್ಪೆ ಜೋತಿರಲಿಲ್ಲ. ಟವೆಲನ್ನು ನಿಧಾನವಾಗಿ ಸಡಿಲಿಸಿ ತೆಗೆದರು. ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು.

ಇನ್ನು 20 ನಿಮಿಷದ ಹೆಪ್ಪು ಪರೀಕ್ಷೆ. ಮಾಡುವುದು ಸುಲಭ. ರಕ್ತನಾಳದಿಂದ ಎರಡು ಮಿಲಿ ರಕ್ತ ತೆಗೆದು, ಒಣಗಿದ, ಹೊಸ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಮಾತ್ರ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ಗಾಜೇ ಆಗಬೇಕೆನ್ನುವುದಕ್ಕೆ ಕಾರಣವಿದೆ. ಹೆಪ್ಪುಗಟ್ಟುವ ಸರಪಳಿಯನ್ನು ಎಬ್ಬಿಸುವುದು ಗಾಜಿನ ಮೇಲ್ಮೈ. ಒಳಗೆ ಏನೂ ಲೇಪವಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಆರೋಗ್ಯವಂತರ ರಕ್ತವೂ 20 ನಿಮಿಷಕ್ಕೆ ಗಟ್ಟಿಯಾಗದೇ ಇರಬಹುದು. ಸೋಪಿನ ಪುಡಿ ಹಾಕಿ ತೊಳೆದ ಗಾಜೂ ಹಾಗೆಯೇ ಮೋಸ ಮಾಡುತ್ತದೆ.

ಎಮರ್ಜೆನ್ಸಿ ಟ್ರೇಯಲ್ಲಿ ಇದ್ದದ್ದು ಲೇಪವಿಲ್ಲದ ಪ್ಲಾಸ್ಟಿಕ್ ಟ್ಯೂಬ್. 6.45ಕ್ಕೆ ಅದರಲ್ಲೇ ಹಾಕಿದರು. 7.05ಕ್ಕೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು.

7.08ಕ್ಕೆ ವೈದ್ಯೆ ಜಿಲ್ಲೆಯ ವೈದ್ಯರ ವಾಟ್ಸಾಪ್ ಗುಂಪಿಗೆ ಬರೆದರು. ಸಾರಾಂಶ: ಹಾವು ಕಚ್ಚಿದೆ, ಹೆಪ್ಪು ಪರೀಕ್ಷೆ 20 ನಿಮಿಷ ದಾಟಿದೆ, ಎಎಸ್‌ವಿ ಶುರು ಮಾಡಲೇ? ಜೊತೆಗೆ ಮಗ ವಾಟ್ಸಾಪಿನಲ್ಲಿ ಕಳಿಸಿದ್ದ ಮಬ್ಬು ಫೋಟೊ ಒಂದು, ಕೇಸ್ ಶೀಟಿನ ಮೊದಲ ಪುಟದ ಫೋಟೊ ಇನ್ನೊಂದು. ಎರಡನೆಯದರಲ್ಲಿ ರೋಗಿಯ ಹೆಸರು, ಊರು, ಫೋನ್ ನಂಬರ್ ಎಲ್ಲವೂ ಇದ್ದವು. ಗುಂಪಿನಲ್ಲಿ ಇದ್ದವರು ನೂರಕ್ಕೂ ಹೆಚ್ಚು ಜನ. ಆ ಪುಟ ಯಾರಿಗೂ ಬೇಕಿರಲಿಲ್ಲ.

ಮೊದಲ ಉತ್ತರ ಮೂರೇ ನಿಮಿಷಕ್ಕೆ ಬಂತು: ಕೊಳಕುಮಂಡಲ, 10 ವಯಲ್ ತಕ್ಷಣ ಹಾಕಿ. 7.14ಕ್ಕೆ ಇನ್ನೊಬ್ಬರು: ಹೆಬ್ಬಾವಿನ ಮರಿಯ ಹಾಗಿದೆಯಲ್ಲ? 7.31ಕ್ಕೆ ಮೂರನೆಯವರು: ಗುಳಿಮಂಡಲದ ಜಾತಿ ಇರಬಹುದು, ಎಎಸ್‌ವಿ ಕೆಲಸ ಮಾಡುವುದಿಲ್ಲ, ನೋಡಿಕೊಳ್ಳಿ. ಮೂವರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಮೂರನೆಯ ಸಂದೇಶ ಬರುವ ಹೊತ್ತಿಗೆ ಪುಡಿ ರೂಪದ ಎಎಸ್‌ವಿಯನ್ನು ಕರಗಿಸುವ ಕೆಲಸ ನಡೆದಿತ್ತು. ಒಂದೊಂದು ವಯಲಿಗೂ 10 ಮಿಲಿ ನೀರು ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು ಹಾಳು. ಹತ್ತು ವಯಲ್ ಎಂದರೆ ಎರಡೂ ಕೈಗೆ ಬಿಡುವಿಲ್ಲ, ಫೋನ್ ನೋಡುವವರು ಯಾರು?

ಗುಂಪು ಎಂಬ ವ್ಯವಸ್ಥೆಯ ದೋಷ ಇಲ್ಲಿಯೇ ಇದೆ. ಎಲ್ಲಕ್ಕಿಂತ ಮೊದಲು ಬಂದ ಉತ್ತರವೇ ಆದೇಶವಾಗಿಬಿಡುತ್ತದೆ. ಉತ್ತರಿಸಿದವರು ಯಾರೂ ಆ ರೋಗಿಯನ್ನು ತಮ್ಮ ರೋಗಿ ಎಂದುಕೊಂಡಿರುವುದಿಲ್ಲ, ಹತ್ತು ನಿಮಿಷ ಬಿಟ್ಟು ಏನಾಯಿತೆಂದು ವಿಚಾರಿಸುವುದೂ ಇಲ್ಲ. ಕೇಂದ್ರ ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವಿನಿಯಲ್ಲಿ ವೈದ್ಯರಿಂದ ವೈದ್ಯರಿಗೆ ಸಮಾಲೋಚನೆ 2019ರ ನವೆಂಬರಿನಿಂದಲೇ ಇದೆ. ಆ ಸಂಜೆ ಅದನ್ನು ತೆರೆಯುವ ಯೋಚನೆ ಯಾರಿಗೂ ಬರಲಿಲ್ಲ. ರಾತ್ರಿ, ತುರ್ತು, ಭಯ ಮೂರೂ ಸೇರಿದಾಗ ಕೈ ಹೋಗುವುದು ವಾಟ್ಸಾಪಿಗೇ.

ಮೊದಲ ತಿರುವು

7.35ಕ್ಕೆ ಹತ್ತು ವಯಲಿನ ಡ್ರಿಪ್ ಶುರುವಾಯಿತು, ಒಂದು ಗಂಟೆಯಲ್ಲಿ ಮುಗಿಯುವ ವೇಗದಲ್ಲಿ. 7.47ಕ್ಕೆ ರೋಗಿ ಮೈ ಕೆರೆದುಕೊಳ್ಳತೊಡಗಿದರು. ಕುತ್ತಿಗೆ, ಎದೆಯ ಮೇಲೆ ದದ್ದು, ಉಸಿರಿನಲ್ಲಿ ಸಿಳ್ಳೆ. ಬಿಪಿ 80/50. ಎಎಸ್‌ವಿಯ ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್.

ಇಂಥ ಹೊತ್ತಿನಲ್ಲಿ ಅನೇಕ ಕಡೆ ಮೊದಲು ಕೈ ಹೋಗುವುದು ಅಲರ್ಜಿಯ ಮಾಮೂಲಿ ಇಂಜೆಕ್ಷನ್‌ಗಳಾದ ಏವಿಲ್, ಹೈಡ್ರೊಕಾರ್ಟಿಸೋನ್ ಕಡೆಗೆ, ಮೊದಲು ಬೇಕಾದದ್ದು ಅಡ್ರಿನಲಿನ್. ಇಲ್ಲಿ ಹಾಗಾಗಲಿಲ್ಲ. ಹಿರಿಯ ಸಿಸ್ಟರ್ ಡ್ರಿಪ್ ಹಾಕುವ ಮುಂಚೆಯೇ ಅಡ್ರಿನಲಿನ್ ಅರ್ಧ ಮಿಲಿ ಸಿರಿಂಜಿನಲ್ಲಿ ಎಳೆದು ಟ್ರೇಯಲ್ಲಿ ಇಟ್ಟಿದ್ದರು. ಡ್ರಿಪ್ ನಿಲ್ಲಿಸಿ, 0.5 ಮಿಲಿಗ್ರಾಂ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಟ್ಟರು. ಐದು ನಿಮಿಷ ಬಿಟ್ಟು ಮತ್ತೊಂದು. ಕಾಲು ಎತ್ತರಿಸಿ, ಆಮ್ಲಜನಕ ಹಾಕಿ, ಒಂದು ಲೀಟರ್ ಸಲೈನ್ ಓಡಿಸಿದರು. 8.20ಕ್ಕೆ ಬಿಪಿ 110/70ಕ್ಕೆ ಬಂತು. ಅಷ್ಟರಲ್ಲಿ ದೇಹಕ್ಕೆ ಇಳಿದಿದ್ದ ಎಎಸ್‌ವಿ ಸುಮಾರು ಎರಡು ವಯಲ್. ಉಳಿದ ಬಾಟಲಿಯ ಮೇಲೆ ಸಮಯ ಬರೆದು ಫ್ರಿಜ್ಜಿನಲ್ಲಿಟ್ಟರು.

ಈಗ ಪ್ರಶ್ನೆ ಕಠಿಣವಾಯಿತು. ಕೊಳಕುಮಂಡಲವೇ ಆಗಿದ್ದರೆ ಎಎಸ್‌ವಿ ಮತ್ತೆ ಶುರು ಮಾಡಲೇಬೇಕು, ನಿಧಾನವಾಗಿಯಾದರೂ. ಅಲ್ಲವಾದರೆ ಮತ್ತೆ ಮುಟ್ಟಬಾರದು. ಗುಂಪಿನಲ್ಲಿ ಮತ್ತೆ ಬರೆಯುವ ಬದಲು ವೈದ್ಯೆ 8.25ಕ್ಕೆ ಬೋಧನಾ ಆಸ್ಪತ್ರೆಯ ಫಿಜಿಷಿಯನ್ ಒಬ್ಬರಿಗೆ ನೇರವಾಗಿ ಫೋನ್ ಮಾಡಿದರು. ಆ ನಂಬರ್ ಅವರ ಬಳಿ ಸಂಜೆ 6.35ಕ್ಕೂ ಇತ್ತು. ಮೊದಲೇ ಏಕೆ ಮಾಡಲಿಲ್ಲವೆಂದು ಆಮೇಲಿನ ಮಾತುಕತೆಯಲ್ಲಿ ಕೇಳಿದಾಗ ಬಂದ ಉತ್ತರ ಸರಳ: ಕೆಲವು ತಿಂಗಳ ಹಿಂದೆ ಬೇರೊಬ್ಬ ಹಿರಿಯರಿಗೆ ಫೋನ್ ಮಾಡಿದಾಗ "ಇಷ್ಟೂ ಗೊತ್ತಿಲ್ವಾ?" ಎಂದು ಕೇಳಿಸಿಕೊಂಡಿದ್ದರು. ಗುಂಪಿನಲ್ಲಿ ಬೈಯುವವರು ಕಡಿಮೆ.

ಹನ್ನೊಂದು ನಿಮಿಷದ ಕರೆ

ವೈದ್ಯೆ ಗುಂಪಿನಲ್ಲಿ ಬರೆದದ್ದನ್ನೇ ಫೋನಿನಲ್ಲೂ ಹೇಳಿದರು: "ಸರ್, ಹೆಪ್ಪು ಪರೀಕ್ಷೆ 20 ನಿಮಿಷ ದಾಟಿತ್ತು." ಆ ಕಡೆಯಿಂದ ಬಂದ ಮೊದಲ ಮಾತು ಸಲಹೆಯಾಗಿರಲಿಲ್ಲ.

"ಯಾವ ಟ್ಯೂಬಿನಲ್ಲಿ ನೋಡಿದಿರಮ್ಮ?"

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಫಿಜಿಷಿಯನ್‌ಗೆ ಹಾವಿನ ಬಗ್ಗೆ ಗುಂಪಿನಲ್ಲಿದ್ದವರಿಗಿಂತ ಹೆಚ್ಚು ಗೊತ್ತಿತ್ತು ಎಂದೇನೂ ಇಲ್ಲ. ತನಗೆ ತಲುಪಿದ ಫಲಿತಾಂಶ ಎಲ್ಲಿ, ಹೇಗೆ ಹುಟ್ಟಿತು ಎಂದು ವಿಚಾರಿಸದೆ ಅದರ ಮೇಲೆ ಏನನ್ನೂ ಕಟ್ಟಬಾರದೆಂಬ ಅಭ್ಯಾಸ ಇತ್ತು. ರೋಗಿಯ ಪಕ್ಕದಲ್ಲಿ ನಿಂತವರಿಗೆ ಟ್ಯೂಬು ಕಣ್ಣೆದುರೇ ಇರುತ್ತದೆ, ಆದ್ದರಿಂದಲೇ ಅದು ಹೇಳಬೇಕಾದ ವಿಷಯ ಎಂದು ತೋರುವುದಿಲ್ಲ. ದೂರದವರಿಗೆ ಟ್ಯೂಬು ಕಾಣುವುದಿಲ್ಲ, "20 ನಿಮಿಷ ದಾಟಿದೆ" ಎಂಬ ಮಾತು ಮಾತ್ರ ಕೇಳುತ್ತದೆ, ಅದು ಸತ್ಯದಂತೆಯೇ ಕೇಳುತ್ತದೆ.

ಮುಂದಿನ ಪ್ರಶ್ನೆಗಳೂ ಇದೇ ಬಗೆಯವು. ರಕ್ತ ತೆಗೆದವರು ಯಾರು? ನಡುವೆ ಟ್ಯೂಬು ಎತ್ತಿ ನೋಡಿದರೇ? ಗಡಿಯಾರ ನೋಡಿದ್ದೋ, ಅಂದಾಜೋ? ಚುಚ್ಚಿದ ಜಾಗದಿಂದ ಈಗಲೂ ರಕ್ತ ಒಸರುತ್ತಿದೆಯೇ? ಕೊನೆಯದಕ್ಕೆ ಉತ್ತರ "ಇಲ್ಲ" ಎಂದು ಬಂದಾಗ ಅನುಮಾನ ಗಟ್ಟಿಯಾಯಿತು. ರಕ್ತ ನಿಜವಾಗಿ ಕೆಟ್ಟಿದ್ದರೆ ಸೂಜಿ ಚುಚ್ಚಿದ ಕಡೆ ಒಸರುವುದು ಹೆಚ್ಚು ಸಹಜ.

ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿಸಿ ಅವರು ರೋಗಿಯ ಮಾತು ಕೇಳಿದರು. ಒಂದೇ ಉಸಿರಿಗೆ ಒಂದರಿಂದ ಎಣಿಸಲು ಹೇಳಿದರು. ಆಕೆ 28ರವರೆಗೆ ಎಣಿಸಿದರು. ರೆಪ್ಪೆ ಪೂರ್ತಿ ಎತ್ತುತ್ತಾರೆಯೇ, ದಿಂಬಿನಿಂದ ತಲೆ ಎತ್ತಿ ಹಿಡಿಯುತ್ತಾರೆಯೇ ಎಂದು ವೈದ್ಯೆಯಿಂದ ನೋಡಿಸಿದರು. ನರಕ್ಕೆ ಏರುವ ವಿಷದ ಗುರುತು ಸದ್ಯಕ್ಕಿಲ್ಲ ಎಂದು ಇಷ್ಟರಿಂದಲೇ ತಿಳಿಯಿತು. ಇದಕ್ಕೆ ವಿಡಿಯೊ ಕರೆಯೂ ಬೇಕಾಗಲಿಲ್ಲ.

ನಂತರ ಎರಡು ಕೆಲಸ ಹೇಳಿದರು. ಒಂದು, ಹೊಸ ಗಾಜಿನ ಟ್ಯೂಬಿನಲ್ಲಿ ಪರೀಕ್ಷೆ ಮತ್ತೆ ಮಾಡುವುದು, ಜೊತೆಗೆ ಆರೋಗ್ಯವಾಗಿರುವ ಒಬ್ಬರ ರಕ್ತವನ್ನೂ ಗಾಜಿನಲ್ಲೊಂದು, ಆ ಪ್ಲಾಸ್ಟಿಕ್ಕಿನಲ್ಲೊಂದು ಹಾಕಿ ನೋಡುವುದು. ಎರಡು, ಮಗನ ಮೊಬೈಲಿನಲ್ಲಿರುವ ಮೂಲ ಫೋಟೊ ಮತ್ತು ವಿಡಿಯೊವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸುವುದು. ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ತಲೆಯ ಹುರುಪೆ, ಮೂಗಿನ ತುದಿ ಮೊದಲು ಅಳಿಸಿಹೋಗುವುದು ಅಲ್ಲಿಯೇ.

ಗಾಜಿನ ಟ್ಯೂಬು ಎಲ್ಲಿತ್ತು? ಎಮರ್ಜೆನ್ಸಿಯಲ್ಲಿ ಇಲ್ಲ. ಲ್ಯಾಬಿನಲ್ಲಿದ್ದವು ತೊಳೆದು ತೊಳೆದು ಬಳಸಿದವು. ಟೆಕ್ನಿಷಿಯನ್ ಕಪಾಟಿನ ಕೆಳಗಿನ ಖಾನೆಯಿಂದ ಹಳೆಯ ಡಬ್ಬವೊಂದನ್ನು ತೆಗೆದರು. ಮೂತ್ರದ ಸಕ್ಕರೆಯನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ ನೋಡುತ್ತಿದ್ದ ಕಾಲದ್ದು. ಬಳಸದ ಟ್ಯೂಬುಗಳು 11 ಉಳಿದಿದ್ದವು. 8.50ಕ್ಕೆ ಪರೀಕ್ಷೆ ಇಟ್ಟು 9.10ಕ್ಕೆ ಓರೆ ಮಾಡಿದರು. ಸಿಸ್ಟರ್ ರಕ್ತ ಗಾಜಿನಲ್ಲಿ ಗಟ್ಟಿಯಾಗಿತ್ತು, ಪ್ಲಾಸ್ಟಿಕ್ಕಿನಲ್ಲಿ ಹರಿಯಿತು. ರೋಗಿಯ ರಕ್ತವೂ ಗಾಜಿನಲ್ಲಿ ಗಟ್ಟಿಯಾಗಿತ್ತು.

ಇಳಿದಿದ್ದ ಎರಡು ವಯಲ್ ಎಎಸ್‌ವಿಯೇ ರಕ್ತವನ್ನು ಸರಿಪಡಿಸಿರಬಹುದಲ್ಲ ಎಂದು ವೈದ್ಯೆ ಕೇಳಿದರು. ಒಳ್ಳೆಯ ಪ್ರಶ್ನೆ. ವಿಷ ತಟಸ್ಥವಾದರೂ ಖರ್ಚಾದ ಹೆಪ್ಪಿನ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಗಂಟೆಗಟ್ಟಲೆ ಬೇಕು. ಎಎಸ್‌ವಿ ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಪರೀಕ್ಷೆ ಮಾಡುವುದೂ ಅದಕ್ಕೇ. ಸಂಜೆ 7ಕ್ಕೆ ನಿಜವಾಗಿ ಕೆಟ್ಟಿದ್ದ ರಕ್ತ 9ಕ್ಕೆ ಹೀಗೆ ಗಟ್ಟಿಯಾಗುವುದಿಲ್ಲ. ಅಲ್ಲಿಗೆ ಮೊದಲ ಫಲಿತಾಂಶ ಸುಳ್ಳು ಎಂದು ಖಾತ್ರಿಯಾಯಿತು.

ವಿಡಿಯೊದಲ್ಲಿ ಹಾವು ಒಂದು ಕ್ಷಣ ತಲೆ ತಿರುಗಿಸಿತ್ತು. ಮೇಲಕ್ಕೆ ಮಡಚಿದ ಮೂಗು, ಮೈಯ ಎರಡೂ ಬದಿಗೆ ಮುಕ್ಕೋನದಂಥ ಕಪ್ಪು ಮಚ್ಚೆ. ಪಕ್ಕದಲ್ಲಿ ಬಿದ್ದಿದ್ದ ಕತ್ತಿಯ ಅಳತೆಗೆ ಹೋಲಿಸಿದರೆ ಉದ್ದ 40 ಸೆಂಟಿಮೀಟರಿನ ಹತ್ತಿರ. ಉದ್ದವೊಂದನ್ನೇ ನಂಬುವಂತಿಲ್ಲ, ಕೊಳಕುಮಂಡಲದ ಮರಿ ಹುಟ್ಟುವಾಗಲೇ ಗೇಣುದ್ದ ಇರುತ್ತದೆ. ಆದರೆ ಕೊಳಕುಮಂಡಲಕ್ಕೆ ಬೆನ್ನುದ್ದಕ್ಕೂ ಸರಪಳಿಯಂತೆ ಅಂಚುಗಟ್ಟಿದ ಅಂಡಾಕಾರದ ಮಚ್ಚೆಗಳ ಸಾಲು ಇರಬೇಕು, ಇಲ್ಲಿ ಇರಲಿಲ್ಲ. ಫಿಜಿಷಿಯನ್ ತಾವೊಬ್ಬರೇ ತೀರ್ಮಾನಿಸದೆ, ಹಾವು ಗುರುತಿಸುವ ಅನುಭವ ಇದ್ದ ಇನ್ನೊಬ್ಬರಿಗೆ ಆ ಚೌಕಟ್ಟನ್ನಷ್ಟೇ ಕತ್ತರಿಸಿ ತೋರಿಸಿದರು, ರೋಗಿಯ ಸುದ್ದಿಯಿಲ್ಲದೆ. ಅವರೂ ಹಿಪ್ನೇಲ್ ಎಂದರು.

ಎರಡನೆಯ ತಿರುವು: ಹತ್ತಿರದವರು ದೂರದವರನ್ನು ತಿದ್ದಿದ್ದು

9.15ರ ಎರಡನೆಯ ಕರೆಯಲ್ಲಿ ಫಿಜಿಷಿಯನ್ ಮೊದಲು ಹೇಳಿದ್ದು "ಈಗಲೇ ಇಲ್ಲಿಗೆ ಕಳಿಸಿಬಿಡಿ" ಎಂದು. ಕಾಗದದ ಮೇಲೆ ಅದು ಸರಿಯಾದ ಸಲಹೆ. ಹಿಪ್ನೇಲ್ ಕಚ್ಚಿದವರಲ್ಲಿ ರಕ್ತದ ತೊಂದರೆ ತಡವಾಗಿಯೂ ಬರಬಹುದು, ಡಯಾಲಿಸಿಸ್ ಬೇಕಾದರೆ ಇರುವುದು ಅಲ್ಲಿ.

ವೈದ್ಯೆ ಒಪ್ಪಲಿಲ್ಲ. ಆಂಬುಲೆನ್ಸ್ ವಾಪಸ್ ಬರುವುದು 11 ದಾಟಿದ ಮೇಲೆ. ಘಾಟಿಯಲ್ಲಿ ಮರ ಬಿದ್ದು ಒಂದು ಕಡೆಯ ವಾಹನವನ್ನಷ್ಟೇ ಬಿಡುತ್ತಿದ್ದಾರೆ. ರೋಗಿ ಅನಾಫಿಲಾಕ್ಸಿಸಿನಿಂದ ಎದ್ದು ಒಂದು ಗಂಟೆಯಾಗಿದೆಯಷ್ಟೆ, ಅದು ಮರುಕಳಿಸಿದರೆ ಬಾಡಿಗೆ ಜೀಪಿನಲ್ಲಿ, ಕತ್ತಲ ತಿರುವಿನಲ್ಲಿ, ಯಾರು ನೋಡಿಕೊಳ್ಳುವುದು? ಇದನ್ನು ಅವರು ಹಿಂಜರಿಯುತ್ತಲೇ ಹೇಳಿದರು. ಫಿಜಿಷಿಯನ್ ಸಲಹೆ ಬದಲಿಸಿದರು. ಸಮಾಲೋಚನೆ ಎಂದರೆ ದೊಡ್ಡ ಆಸ್ಪತ್ರೆಯಿಂದ ಸಣ್ಣ ಆಸ್ಪತ್ರೆಗೆ ಹರಿಯುವ ನೀರು ಎಂಬ ಭಾವನೆ ಎರಡೂ ಕಡೆ ಇರುತ್ತದೆ. ರಸ್ತೆ, ಮಳೆ, ವಾಹನ, ಯಾವ ಸಿಸ್ಟರ್ ಯಾವ ಕೆಲಸದಲ್ಲಿ ಗಟ್ಟಿ, ಇವುಗಳ ತಜ್ಞರು ಹತ್ತಿರದವರೇ.

ಇಬ್ಬರೂ ಸೇರಿ ಒಂದು ಯೋಜನೆ ಮಾಡಿದರು. ವೈದ್ಯೆ ಅದನ್ನು ಕೇಸ್ ಶೀಟಿನ ಹಿಂಬದಿಗೆ ಬರೆದು, ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದರು. ಓದುವಾಗ ಒಂದು ತಪ್ಪು ಸಿಕ್ಕಿತು, ತಿದ್ದಿದರು. ಬರೆದದ್ದು ಹೀಗಿತ್ತು:

ಗಂಟೆಗೊಮ್ಮೆ ಗಾಜಿನ ಟ್ಯೂಬಿನಲ್ಲಿ ಹೆಪ್ಪು ಪರೀಕ್ಷೆ (9 ಟ್ಯೂಬು ಉಳಿದಿವೆ). ಊತದ ಗಡಿಗೆ ಪೆನ್ನಿನ ಗೆರೆ, ಪಕ್ಕದಲ್ಲಿ ಸಮಯ. ಮೂತ್ರ ಬೆಡ್‌ಪ್ಯಾನಿನಲ್ಲಿ ಅಳೆಯುವುದು, ತೂಕ ಸುಮಾರು 50 ಕಿಲೋ, ಆರು ಗಂಟೆಯಲ್ಲಿ 150 ಮಿಲಿಗಿಂತ ಕಡಿಮೆ ಆಗಬಾರದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೋಫೆನಾಕ್ ಬೇಡ. ಜೀವ ಉಳಿಸುವ ಅಡ್ರಿನಲಿನ್ ಬಿಟ್ಟು ಬೇರೆ ಯಾವ ಇಂಜೆಕ್ಷನ್ನೂ ಸ್ನಾಯುವಿಗೆ ಬೇಡ. ರಾತ್ರಿ 11, 3, ಬೆಳಿಗ್ಗೆ 7ಕ್ಕೆ ಕರೆ.

ಗಾಜಿನಲ್ಲಿ ಹೆಪ್ಪುಗಟ್ಟದಿದ್ದರೆ, ಊತ ಮೊಣಕಾಲು ದಾಟಿದರೆ, ಮೂತ್ರ ಕಡಿಮೆಯಾದರೆ, ರೆಪ್ಪೆ ಜೋತರೆ: ಯಾರನ್ನೂ ಕೇಳದೆ ಹೊರಡಿಸುವುದು. ಹೆಪ್ಪುಗಟ್ಟದಿದ್ದರೂ ಎಲ್ಲಿಯೂ ರಕ್ತಸ್ರಾವ ಇಲ್ಲವಾದರೆ ಎಎಸ್‌ವಿ ಇಲ್ಲದೆ. ರಕ್ತಸ್ರಾವ ಕಂಡರೆ ಹಾವಿನ ಗುರುತು ತಪ್ಪಿರಬಹುದೆಂದು ತಿಳಿದು, ಫ್ರಿಜ್ಜಿನಲ್ಲಿರುವ ಬಾಟಲಿಯನ್ನು ಬಹಳ ನಿಧಾನ ಹನಿಯಲ್ಲಿ, ಅಡ್ರಿನಲಿನ್ ಕೈಯಲ್ಲಿ ಹಿಡಿದು, ಶುರು ಮಾಡಿಯೇ ಹೊರಡುವುದು.

ರಕ್ತಸ್ರಾವ ಇಲ್ಲದಿದ್ದರೆ ಎಎಸ್‌ವಿ ಇಲ್ಲದೆ ಕಳಿಸುವ ಮಾತಿನ ಬಗ್ಗೆ ಈಗಲೂ ಎರಡು ಅಭಿಪ್ರಾಯಗಳಿವೆ. ಹೆಪ್ಪು ಕೆಟ್ಟ ಕೂಡಲೇ ಎಎಸ್‌ವಿ ಕೊಡಬೇಕಿತ್ತು, ಮೂರು ಗಂಟೆಯ ದಾರಿಗೆ ಹಾಗೇ ಕಳಿಸುವುದು ಜೂಜು ಎನ್ನುವವರಿದ್ದಾರೆ. ಹಾವು ಗುರುತಾಗದೇ ಇದ್ದಿದ್ದರೆ ಅವರ ಮಾತೇ ಸರಿ. ಇಲ್ಲಿ ಸ್ಪಷ್ಟ ವಿಡಿಯೊ, ಇಬ್ಬರ ಸ್ವತಂತ್ರ ಗುರುತು, ಒಮ್ಮೆ ಆಗಲೇ ಆದ ಅನಾಫಿಲಾಕ್ಸಿಸ್ ಮೂರೂ ಒಂದೇ ಕಡೆ ತೂಗಿದವು.

ನೆಟ್‌ವರ್ಕ್ ಹೋದ ಮೇಲೆ

10, 11, 12, 1 ಗಂಟೆಯ ಪರೀಕ್ಷೆಗಳಲ್ಲಿ ರಕ್ತ ಗಟ್ಟಿಯಾಯಿತು. 11ರ ಕರೆ ಎರಡು ನಿಮಿಷದಲ್ಲಿ ಮುಗಿಯಿತು. 12.40ಕ್ಕೆ ಮೊಬೈಲ್ ಸಿಗ್ನಲ್ ಸತ್ತಿತು. ಸಂಜೆಯಿಂದ ಕರೆಂಟಿರಲಿಲ್ಲ, ಟವರಿನ ಬ್ಯಾಟರಿ ಮುಗಿದಿರಬೇಕು. ಲ್ಯಾಂಡ್‌ಲೈನ್ ಇದ್ದದ್ದು ಆಫೀಸ್ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಗುಮಾಸ್ತರ ಮನೆಯಲ್ಲಿ.

2 ಗಂಟೆಗೆ ಇಟ್ಟ ಟ್ಯೂಬನ್ನು 2.20ಕ್ಕೆ ಓರೆ ಮಾಡಿದಾಗ ರಕ್ತ ಹರಿಯಿತು. ಈ ಸಲ ವೈದ್ಯೆ ಸಿಸ್ಟರ್ ರಕ್ತವನ್ನೂ ಪಕ್ಕದಲ್ಲಿ ಇಟ್ಟಿದ್ದರು, ಅದು ಗಟ್ಟಿಯಾಗಿತ್ತು. ಊತ ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ. ರಕ್ತಸ್ರಾವ ಇಲ್ಲ. ಹಿರಿಯರನ್ನು ಕೇಳುವ ದಾರಿ ಮುಚ್ಚಿತ್ತು, ಕೇಳುವ ಅಗತ್ಯವೂ ಇರಲಿಲ್ಲ. ಕಾಗದದಲ್ಲಿ ಬರೆದದ್ದನ್ನೇ ಮಾಡಿದರು. 2.45ಕ್ಕೆ ಆಂಬುಲೆನ್ಸ್ ಹೊರಟಿತು, ಜೊತೆಗೆ ಹಿರಿಯ ಸಿಸ್ಟರ್, ಅಡ್ರಿನಲಿನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಕೇಸ್ ಶೀಟಿನ ನಕಲು. ಘಾಟಿಯ ತುದಿಯಲ್ಲಿ ಚಾಲಕರ ಫೋನಿಗೆ ಸಿಗ್ನಲ್ ಸಿಕ್ಕಿದ್ದೇ ಒಂದು ಎಸ್ಸೆಮ್ಮೆಸ್ ಹೋಯಿತು: 2.20 ಗಾಜು, ಹೆಪ್ಪಿಲ್ಲ. ರಕ್ತಸ್ರಾವ ಇಲ್ಲ. ಎಎಸ್‌ವಿ ಕೊಟ್ಟಿಲ್ಲ. 2.45 ಹೊರಟಿದ್ದೇವೆ. ಅದನ್ನು ಸಂಜೆಯ 7.08ರ ಸಂದೇಶದ ಪಕ್ಕ ಇಟ್ಟು ನೋಡಿದರೆ ಒಂದು ರಾತ್ರಿಯಲ್ಲಿ ಆದ ಕಲಿಕೆ ಕಾಣುತ್ತದೆ.

5.50ಕ್ಕೆ ತಲುಪಿದಾಗ ತುರ್ತು ವಿಭಾಗದವರಿಗೆ ವಿಷಯ ಗೊತ್ತಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವೆಂದು ತೋರಿಸುವ ಐಎನ್‌ಆರ್ 3.8ಕ್ಕೆ ಏರಿತ್ತು, ಪ್ಲೇಟ್‌ಲೆಟ್ 90,000, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.1. ಎಎಸ್‌ವಿ ಕೊಡಲಿಲ್ಲ. ಮೂರನೆಯ ದಿನ ಕ್ರಿಯಾಟಿನಿನ್ 2.7ಕ್ಕೆ ಏರಿತು, ಮೂತ್ರ ಕಟ್ಟಲಿಲ್ಲ, ಡಯಾಲಿಸಿಸ್ ಬೇಕಾಗಲಿಲ್ಲ. ಪಾದದ ಬೊಬ್ಬೆ ಒಣಗಿ, ಒಂಬತ್ತನೆಯ ದಿನ ಮನೆಗೆ. ಆರು ವಾರದ ಮೇಲೆ ಕ್ರಿಯಾಟಿನಿನ್ 1.0.

ಏನು ಗೊತ್ತಾಯಿತು

ಕರ್ನಾಟಕದಲ್ಲಿ ದೂರವೈದ್ಯಕೀಯ ಹೊಸದಲ್ಲ. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಚಿಂತೆಯೆಲ್ಲ ಸಂಪರ್ಕದ್ದು: ಡಿಶ್, ಕ್ಯಾಮೆರಾ, ಕೋಣೆ. ಇಂದು ಆ ಎಲ್ಲವೂ ಜೇಬಿನಲ್ಲಿದೆ. ಈ ಪ್ರಕರಣದಲ್ಲಿ 12.40ರವರೆಗೆ ಸಂಪರ್ಕ ಚೆನ್ನಾಗಿಯೇ ಇತ್ತು, ತಪ್ಪು ನಡೆದದ್ದು ಆಗಲೇ. ಸಂಪರ್ಕ ಸತ್ತ ಮೇಲೆ ನಡೆದ ನಿರ್ಧಾರ ಸರಿಯಾಗಿತ್ತು.

ಸಲಹೆ ಕೇಳುವವರಿಗೆ ಇಲ್ಲಿಂದ ಸಿಗುವುದು ಮುಖ್ಯವಾಗಿ ಒಂದು ಅಭ್ಯಾಸ: ಫಲಿತಾಂಶದ ಜೊತೆ ಅದನ್ನು ಪಡೆದ ಬಗೆಯನ್ನೂ ಹೇಳುವುದು. "ಹೆಪ್ಪಿಲ್ಲ" ಎನ್ನುವ ಬದಲು "ಲೇಪವಿಲ್ಲದ ಪ್ಲಾಸ್ಟಿಕ್ಕಿನಲ್ಲಿ, 20 ನಿಮಿಷ, ಹೆಪ್ಪಿಲ್ಲ" ಎಂದು 7.08ಕ್ಕೆ ಬರೆದಿದ್ದರೆ ಗುಂಪಿನಲ್ಲಿಯೂ ಯಾರಾದರೊಬ್ಬರು ತಡೆಯುತ್ತಿದ್ದರು. ಇಸಿಜಿ ಕಳಿಸುವಾಗ ಕಾಗದದ ವೇಗ, ಅಳತೆಯ ಗುರುತು ಕತ್ತರಿಸಿ ಕಳಿಸುವುದು, ಎಕ್ಸ್‌ರೇಯನ್ನು ಟ್ಯೂಬ್‌ಲೈಟಿನ ಮುಂದೆ ಹಿಡಿದು ಅರ್ಧ ಫೋಟೊ ತೆಗೆಯುವುದು, ಎಲ್ಲವೂ ಇದೇ ಜಾತಿಯ ತಪ್ಪು. ಇನ್ನೊಂದು, ಪ್ರಶ್ನೆಯ ರೂಪ. "ಎಎಸ್‌ವಿ ಶುರು ಮಾಡಲೇ?" ಎಂಬುದಕ್ಕೆ ಹೌದು, ಇಲ್ಲ ಎರಡೇ ಉತ್ತರ. "ಊತ ಕಡಿಮೆ, ರಕ್ತಸ್ರಾವ ಇಲ್ಲ, ಆದರೆ ಹೆಪ್ಪಿಲ್ಲ, ಇವು ಒಂದಕ್ಕೊಂದು ಹೊಂದುತ್ತಿಲ್ಲ" ಎಂದಿದ್ದರೆ ಓದುವವರು ಯೋಚಿಸಬೇಕಾಗುತ್ತಿತ್ತು.

ಸಲಹೆ ಕೊಡುವವರ ಕಡೆ, ಮೊದಲ ಮಾತು ಪ್ರಶ್ನೆಯಾಗಿರುವುದು ಮತ್ತು ಆ ಪ್ರಶ್ನೆಯ ದನಿ ವಿಚಾರಣೆಯಂತೆ ಇರದಿರುವುದು ಎರಡೂ ಲೆಕ್ಕಕ್ಕೆ ಬರುತ್ತವೆ. "ಯಾವ ಟ್ಯೂಬು?" ಎಂಬುದನ್ನೇ ಗದರಿಸಿ ಕೇಳಿದ್ದರೆ ಉತ್ತರ "ಗಾಜಿನದು ಸರ್" ಎಂದೇ ಬರುವ ಸಾಧ್ಯತೆ ಹೆಚ್ಚು. ಹಿಂದೆ ಯಾರೋ ಬೈದ ಒಂದು ಮಾತು ಈ ರೋಗಿಗೆ ಸುಮಾರು ಎರಡು ಗಂಟೆಯ ಬೆಲೆಯಾಯಿತು ಎಂಬುದನ್ನು ಬೋಧನಾ ಆಸ್ಪತ್ರೆಗಳಲ್ಲಿ ಫೋನ್ ಎತ್ತುವವರು ಗಮನಿಸಬೇಕು.

ಹೊಣೆ ಯಾರದು? 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ: ಇನ್ನೊಬ್ಬ ವೈದ್ಯರ ಸಲಹೆ ಕೇಳಿದ ವೈದ್ಯರೇ ಚಿಕಿತ್ಸೆ ಕೊಡುವ ವೈದ್ಯರಾಗಿ ಉಳಿಯುತ್ತಾರೆ, ಚಿಕಿತ್ಸೆಯ ಹೊಣೆಯೂ ಅವರದೇ. ಗುಂಪಿನ ಮೊದಲ ಉತ್ತರವನ್ನು ಪಾಲಿಸಿದ ಕಾರಣಕ್ಕೆ ಹೊಣೆ ಆ ಉತ್ತರದವರಿಗೆ ಹೋಗುವುದಿಲ್ಲ. ಹಾಗಿದ್ದಮೇಲೆ ಸಲಹೆಯ ದಾಖಲೆ ಇನ್ನೂ ಮುಖ್ಯ. 9.15ರ ಯೋಜನೆಯ ಕೆಳಗೆ ವೈದ್ಯೆ ಫಿಜಿಷಿಯನ್ನರ ಹೆಸರು, ಕರೆಯ ಸಮಯ ಬರೆಯಲು ಅನುಮತಿ ಕೇಳಿದರು, ಅವರು ಬರೆಯಿರಿ ಎಂದರು. ಎಲ್ಲರೂ ಹಾಗೆನ್ನುವುದಿಲ್ಲ, "ನನ್ನ ಹೆಸರು ಬೇಡ" ಎಂಬ ಸಲಹೆಯನ್ನು ಎಷ್ಟು ತೂಕಕ್ಕೆ ತೆಗೆದುಕೊಳ್ಳಬೇಕೆಂದು ಕೇಳುವವರೇ ತೀರ್ಮಾನಿಸಬೇಕು.

ಮರುಸುದ್ದಿಯ ದಾರಿ ಈಗಲೂ ಸರಿಯಿಲ್ಲ. ರೋಗಿಯನ್ನು ಕಳಿಸಿದ ಆಸ್ಪತ್ರೆಗೆ ಡಿಸ್ಚಾರ್ಜ್ ಸಾರಾಂಶ ಬರುವ ಕ್ರಮವಿರಲಿಲ್ಲ. ಹನ್ನೆರಡನೆಯ ದಿನ ಮಗ ಜೆರಾಕ್ಸ್ ತಂದುಕೊಟ್ಟ ಮೇಲೆಯೇ ಐಎನ್‌ಆರ್ 3.8 ಎಂಬುದು ವೈದ್ಯೆಗೆ ತಿಳಿದದ್ದು. 2024ರಿಂದ ಹಾವು ಕಡಿತವನ್ನು ರಾಜ್ಯದಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕು, ಆ ವರದಿ ಮರುದಿನವೇ ಹೋಗಿತ್ತು. ಮೇಲಕ್ಕೆ ಹೋಗುವ ಕಾಗದಕ್ಕೆ ದಾರಿಯಿದೆ, ಕೆಳಕ್ಕೆ ಬರುವ ಕಾಗದಕ್ಕೆ ಇಲ್ಲ.

ಆಸ್ಪತ್ರೆಯಲ್ಲಿ ಆದ ಬದಲಾವಣೆ ಸಣ್ಣದು. ಲ್ಯಾಂಡ್‌ಲೈನ್ ಎಮರ್ಜೆನ್ಸಿ ಕೋಣೆಗೆ ಬಂತು. ಗೋಡೆಯ ಮೇಲೆ ಮೂರು ವೈದ್ಯರ ನಂಬರ್, ಅವರ ಒಪ್ಪಿಗೆ ಪಡೆದು. ಉಳಿದ ಮೂರು ಗಾಜಿನ ಟ್ಯೂಬುಗಳನ್ನು ಹತ್ತಿ ಸುತ್ತಿ ಎಎಸ್‌ವಿ ಟ್ರೇಯಲ್ಲಿಟ್ಟು, ಇನ್ನೂ 50 ಬೇಕೆಂದು ಸ್ಟೋರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಕಳಿಸಿದರು. ಆರು ವಾರ ಬಿಟ್ಟು ಸ್ಟೋರಿನಿಂದ ಡಬ್ಬ ಬಂತು. ಒಳಗಿದ್ದದ್ದು ಪ್ಲಾಸ್ಟಿಕ್. ಎರಡನೆಯ ಇಂಡೆಂಟಿನಲ್ಲಿ "ಗಾಜಿನದು" ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದೆ.